ತಿದ್ದುವ ಕಾಲ

ಬೆಂಗಳೂರಿನ ಪಶ್ಚಿಮ ಭಾಗದ ಬಸವೇಶ್ವರನಗರದಲ್ಲಿ ನಾನು ವಾಸಿಸುವ ಬೀದಿಯ ಕೊನೆಗೆ ಒಂದು ಚಿಕ್ಕ ಉದ್ಯಾನವಿದೆ. ಅದರ ಒಂದು ಮೂಲೆಯಲ್ಲಿ, ಸಭೆ ಸಮಾರಂಭಗಳಿಗೆಂದು ಹಿಂದೆ ಯಾವಾಗಲೋ ಮಾಡಿಸಿದ ಸಿಮೆಂಟಿನ ನೆಲವೊಂದು ಉಳಿದುಕೊಂಡಿದೆ. ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಆ ಕಡೆಗೆ ನಡೆದುಹೋಗುವುದು ನನ್ನ ರೂಢಿ. ಆರು ಗಂಟೆಗೆಲ್ಲ ಅಲ್ಲಿ ಹತ್ತು ಹನ್ನೆರಡು ಮಕ್ಕಳು ಕಾಲಿಗೆ ಗಾಲಿಗಳನ್ನು ಕಟ್ಟಿಕೊಂಡು ಸೇರಿರುತ್ತಾರೆ. ರಾಜಾಜಿನಗರದಿಂದ, ವಿಜಯನಗರದಿಂದ ಸ್ಕೂಟರುಗಳ ಮೇಲೆ ಬರುವ ಮಕ್ಕಳೂ ಉಂಟು. ಹೆಚ್ಚಿನವರಿಗೆ ವೇಗದ ಹುಚ್ಚು. ಒಬ್ಬರನ್ನೊಬ್ಬರು ಹಿಂದೆ ಹಾಕಿ ಸುತ್ತುವುದರಲ್ಲಿಯೇ ಅವರಿಗೆ ಆನಂದ.

ಆ ಗುಂಪಿನಿಂದ ದೂರವಾಗಿ, ನೆಲದ ಅಂಚಿನಲ್ಲಿ, ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಹಳ ನಿಧಾನವಾಗಿ ಸುತ್ತುತ್ತಿದ್ದಳು. ಅವಳ ಗುರುಗಳು ಒಂದು ಮೊಳೆ, ಒಂದು ದಾರ, ಒಂದು ಸೀಮೆಸುಣ್ಣದ ತುಂಡು ಇವಿಷ್ಟನ್ನೇ ಬಳಸಿ ಪರಸ್ಪರ ತಗುಲಿಕೊಂಡ ಎರಡು ದೊಡ್ಡ ವೃತ್ತಗಳನ್ನು ನೆಲದ ಮೇಲೆ ಬರೆದುಕೊಟ್ಟಿದ್ದರು. ಹುಡುಗಿ ಒಂಟಿ ಕಾಲಿನಲ್ಲಿ ಆ ಗೆರೆಯ ಮೇಲೆಯೇ ಸಾಗಬೇಕು. ವೃತ್ತ ಮುಗಿದಲ್ಲಿ ಕಾಲು ಬದಲಿಸಿ ಇನ್ನೊಂದಕ್ಕೆ ಹೊರಳಬೇಕು. ಗೆರೆ ತಪ್ಪಿದರೆ ಮತ್ತೆ ಮೊದಲಿನಿಂದ. ನಾನು ನೋಡುತ್ತಿದ್ದ ಅರ್ಧ ಗಂಟೆಯಲ್ಲಿ ಅವಳು ಹದಿನೈದು ಇಪ್ಪತ್ತು ಬಾರಿಯಾದರೂ ಮೊದಲಿನಿಂದ ಪ್ರಾರಂಭಿಸಿದಳು. “ಎಲ್ಲರೂ ಓಡುತ್ತಿದ್ದಾರೆ, ನೀನೇಕಮ್ಮ ಓಡುವುದಿಲ್ಲ?” ಎಂದು ಕೇಳಿದೆ. ಅವಳು ತಲೆಯೆತ್ತದೆ, “ನಂದು ಫಿಗರ್ ತಾತ. ಗೆರೆ ಮೇಲೇ ಹೋಗಬೇಕು” ಎಂದಳು.

ಆ ಮಾತಿನ ಅರ್ಥ ತಿಳಿಯಬೇಕಾದರೆ ಫಿಗರ್ ಸ್ಕೇಟಿಂಗ್ ಎಂಬ ಕ್ರೀಡೆಯ ಹುಟ್ಟನ್ನು ಸ್ವಲ್ಪ ಅರಿತಿರಬೇಕು. ಇದು ಮೂಲತಃ ಚಳಿದೇಶಗಳ ಆಟ. ಅಲ್ಲಿ ಕೆರೆ ಕಾಲುವೆಗಳು ಹೆಪ್ಪುಗಟ್ಟಿದಾಗ ಬೂಟಿನಡಿಗೆ ಉಕ್ಕಿನ ಅಲಗನ್ನು ಕಟ್ಟಿಕೊಂಡು ಜನ ಮಂಜುಗಡ್ಡೆಯ ಮೇಲೆ ಜಾರುತ್ತಿದ್ದರು. ಆ ಅಲಗಿಗೆ ಒಳಗಿನದೊಂದು, ಹೊರಗಿನದೊಂದು ಎಂದು ಎರಡು ಅಂಚುಗಳು. ದೇಹವನ್ನು ಯಾವ ಕಡೆಗೆ ಬಾಗಿಸಿದರೆ ಆ ಕಡೆಯ ಅಂಚು ಮಂಜುಗಡ್ಡೆಯನ್ನು ಕೊರೆದು ಬಾಗಿದ ಗೆರೆಯೊಂದನ್ನು ಬಿಟ್ಟುಹೋಗುತ್ತದೆ. ಈ ಗೆರೆಗಳಿಂದ ವೃತ್ತಗಳನ್ನು, ಇಂಗ್ಲಿಷಿನ 8ರ ಅಂಕಿಯಂಥ ಆಕೃತಿಗಳನ್ನು ಬರೆಯುವುದೇ ಒಂದು ವಿದ್ಯೆಯಾಗಿ ಬೆಳೆಯಿತು. ಫಿಗರ್ ಎಂದರೆ ಆಕೃತಿ; ಆಟಕ್ಕೆ ಹೆಸರು ಬಂದದ್ದು ಅದರಿಂದಲೇ. ನಮ್ಮ ತಾಯಂದಿರು ಬೆರಳ ಸಂದಿನಿಂದ ಪುಡಿಯನ್ನು ಸುರಿಸಿ ಅಂಗಳದಲ್ಲಿ ರಂಗೋಲಿಯ ಎಳೆ ಎಳೆಯುವಂತೆ, ಅಲ್ಲಿನವರು ಕಾಲಿನಿಂದ ಮಂಜುಗಡ್ಡೆಯ ಮೇಲೆ ಎಳೆ ಎಳೆದರು.

ಒಂದು ಕಾಲದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯ ಒಟ್ಟು ಅಂಕಗಳಲ್ಲಿ ಶೇಕಡಾ 60ರಷ್ಟು ಈ ಗೆರೆಗಳಿಗೇ ಮೀಸಲಾಗಿದ್ದವು. ತೀರ್ಪುಗಾರರು ಮಂಜುಗಡ್ಡೆಯ ಮೇಲೆ ಬಗ್ಗಿ ನೋಡಿ, ಒಂದರ ಮೇಲೊಂದು ಬಿದ್ದ ಎಳೆಗಳು ಎಷ್ಟು ಒಪ್ಪವಾಗಿ ಕೂಡಿವೆಯೆಂದು ಪರೀಕ್ಷಿಸುತ್ತಿದ್ದರು. ನೆಗೆತ ಮತ್ತು ತಿರುಗಾಟಗಳು ಪ್ರೇಕ್ಷಕರನ್ನು ಹೆಚ್ಚು ಸೆಳೆದುದರಿಂದ ಕ್ರಮೇಣ ಗೆರೆಗಳ ಬೆಲೆ ಕಡಮೆಯಾಗಿ, 1990ರ ಬಳಿಕ ಅವು ಮಂಜಿನ ವಿಶ್ವಸ್ಪರ್ಧೆಗಳಿಂದ ಮರೆಯಾದವು. ಗಾಲಿಗಳ ಮೇಲಿನ ಸ್ಕೇಟಿಂಗಿನಲ್ಲಿ ಮಾತ್ರ ನೆಲಕ್ಕೆ ಬಣ್ಣದಿಂದ ವೃತ್ತ ಬರೆದು ಅದರ ಮೇಲೆ ಸಾಗುವ ಅಭ್ಯಾಸ ಉಳಿದುಬಂದಿದೆ. ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎಂಬಾತ 1863ರಲ್ಲಿ, ಮೈ ಬಾಗಿದ ಕಡೆಗೆ ತಾನೂ ತಿರುಗುವಂಥ ನಾಲ್ಕು ಗಾಲಿಯ ಸ್ಕೇಟನ್ನು ರೂಪಿಸಿದನು. ಅಂದಿನಿಂದ ಮಂಜು ಕಾಣದ ಊರುಗಳ ಮಕ್ಕಳಿಗೂ ಈ ವಿದ್ಯೆಯ ಬಾಗಿಲು ತೆರೆಯಿತು. ಬಸವೇಶ್ವರನಗರದ ಹುಡುಗಿ ಕಲಿಯುತ್ತಿದ್ದುದು ಇದನ್ನೇ.

ಕೆಲವು ತಿಂಗಳುಗಳ ತರುವಾಯ ಅವಳು ಮೊದಲ ಸ್ಪರ್ಧೆಗೆ ಹೋಗಿಬಂದಳು. ಎರಡು ಬಾರಿ ಬಿದ್ದಳಂತೆ. ಪಟ್ಟಿಯಲ್ಲಿ ಕೊನೆಯ ಹೆಸರು ಅವಳದೇ. ಮರುದಿನ ಉದ್ಯಾನದ ಕಲ್ಲುಬೆಂಚಿನ ಮೇಲೆ ಅವಳ ತಂದೆ ನನ್ನ ಪಕ್ಕ ಬಂದು ಕುಳಿತರು. ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವವರು. ರಾತ್ರಿ ಪಾಳಿ ಮುಗಿಸಿದ ಕಣ್ಣುಗಳಲ್ಲಿಯೇ ಮಗಳನ್ನು ಕರೆತರುವವರು. “ಎರಡು ವರ್ಷದ ಖರ್ಚು ಮೇಷ್ಟ್ರೇ. ಬೂಟಿಗೆ ಒಂದು ದುಡ್ಡು, ಗಾಲಿಗೆ ಒಂದು ದುಡ್ಡು, ಕಲಿಸೋರಿಗೆ ಒಂದು ದುಡ್ಡು. ಒಂದು ಸರ್ಟಿಫಿಕೇಟಾದರೂ ಬಂದಿದ್ದರೆ ಮನೆಯಲ್ಲಿ ಹೇಳಿಕೊಳ್ಳಬಹುದಿತ್ತು. ಇನ್ನು ಸಾಕು ಅಂತ ಕಾಣುತ್ತೆ” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವರನ್ನು ನಿಂದಿಸುವ ಅಧಿಕಾರ ನನಗಿಲ್ಲ. ಆದರೆ ಅವರ ಪ್ರಶ್ನೆ ಅವರೊಬ್ಬರದಲ್ಲ. ಮಗುವನ್ನು ಆಟಕ್ಕೋ ಸಂಗೀತಕ್ಕೋ ಸೇರಿಸಿದ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಅದು: ಎಳೆಯ ವಯಸ್ಸಿನ ಅಭ್ಯಾಸದಿಂದ ನಾವು ಯಾವ ಫಲವನ್ನು, ಎಷ್ಟು ಬೇಗ ನಿರೀಕ್ಷಿಸಬಹುದು?

ಅಂದು ನಾನು ಅವರಿಗೆ ಒಂದು ಹಳೆಯ ವೃತ್ತಾಂತವನ್ನು ಹೇಳಿದೆ. 1924ರಲ್ಲಿ ಫ್ರಾನ್ಸಿನ ಶಾಮೊನಿ ಎಂಬಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ ಕೂಟ ನಡೆಯಿತು. ಮಹಿಳೆಯರ ಫಿಗರ್ ಸ್ಕೇಟಿಂಗಿನಲ್ಲಿ ಭಾಗವಹಿಸಿದವರು ಎಂಟು ಮಂದಿ. ಅವರಲ್ಲಿ ನಾರ್ವೆ ದೇಶದ ಸೋನ್ಯಾ ಹೆನಿ ಹನ್ನೊಂದು ವರ್ಷದ ಬಾಲಕಿ. ಸ್ಪರ್ಧೆಯ ನಡುವೆಯೇ ಅಂಗಣದ ಅಂಚಿಗೆ ಬಂದು, ಮುಂದೇನು ಮಾಡಬೇಕೆಂದು ತನ್ನ ಗುರುವನ್ನು ಕೇಳಿ ಹೋದಳಂತೆ. ಅವಳಿಗೆ ದೊರೆತದ್ದು ಎಂಟನೆಯ, ಎಂದರೆ ಕಟ್ಟಕಡೆಯ ಸ್ಥಾನ. ಅದೇ ಬಾಲಿಕೆ 1928, 1932 ಮತ್ತು 1936ರ ಮೂರು ಒಲಿಂಪಿಕ್ ಕೂಟಗಳಲ್ಲಿ ಚಿನ್ನ ಗೆದ್ದಳು. 1927ರಿಂದ 1936ರವರೆಗೆ ಸತತವಾಗಿ ಹತ್ತು ಬಾರಿ ವಿಶ್ವವಿಜೇತೆಯಾದಳು. ಶಾಮೊನಿಯಿಂದ ಹಿಂದಿರುಗಿದ ದಿನ ಅವಳ ಮನೆಯವರು “ಇನ್ನು ಸಾಕು” ಎಂದಿದ್ದರೆ ಆ ಕ್ರೀಡೆಯ ಚರಿತ್ರೆಯೇ ಬೇರೆಯಾಗುತ್ತಿತ್ತು.

ಈ ಕತೆಯಿಂದ ನಾವು ತಪ್ಪು ಪಾಠವನ್ನೂ ಕಲಿಯಬಹುದು. ಕೊನೆಯವರೆಲ್ಲರೂ ಮುಂದೆ ಮೊದಲಿಗರಾಗುತ್ತಾರೆಂದು ಇದು ಹೇಳುವುದಿಲ್ಲ. ಹನ್ನೊಂದು ವರ್ಷದ ಮಗುವಿನ ಸ್ಥಾನ ಅದರ ಯೋಗ್ಯತೆಯ ಅಳತೆಯಲ್ಲ ಎಂಬಷ್ಟನ್ನು ಮಾತ್ರ ಹೇಳುತ್ತದೆ. ನಮ್ಮ ಹಿರಿಯರು ಅಕ್ಷರ ಕಲಿಸುವಾಗ ಮರಳಿನ ಮೇಲೆ ಬರೆದುಕೊಟ್ಟು ಮಗುವಿನ ಬೆರಳಿನಿಂದ ತಿದ್ದಿಸುತ್ತಿದ್ದರು. ನೂರು ಬಾರಿ ತಿದ್ದಿದ ಮೇಲೆಯೇ ‘ಅ’ಕಾರ ಕೈಗೆ ಹತ್ತುತ್ತಿದ್ದುದು. ತಿದ್ದುವ ಮಗುವಿಗೆ ಯಾರೂ ಬಹುಮಾನ ಕೊಡುತ್ತಿರಲಿಲ್ಲ. ಸೊಟ್ಟಗೆ ಬರೆದೆಯೆಂದು ಓದನ್ನೇ ಬಿಡಿಸುತ್ತಲೂ ಇರಲಿಲ್ಲ. ತಿದ್ದುವುದಕ್ಕೆ ಒಂದು ಕಾಲ, ಬರೆಯುವುದಕ್ಕೆ ಒಂದು ಕಾಲ ಎಂಬ ವಿವೇಕ ಅವರಿಗಿತ್ತು. ಕ್ರೀಡೆಯ ವಿಷಯದಲ್ಲಿ ನಾವು ಈ ವಿವೇಕವನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಈ ಆಟವು ಎಳೆಯ ಮೈಯನ್ನೇ ಬೇಡುತ್ತದೆ. ಎಲುಬು ಬಲಿಯುವ ಮುನ್ನ, ಭಯ ಬೇರೂರುವ ಮುನ್ನ ಕಲಿಯದಿದ್ದರೆ ಮುಂದೆ ಕಲಿಯಲಾಗುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟಾರಾ ಲಿಪಿನ್ಸ್ಕಿ ಹದಿನೈದನೆಯ ವಯಸ್ಸಿನಲ್ಲಿಯೇ ಚಿನ್ನ ಗೆದ್ದುದನ್ನು ಅವರು ಉದಾಹರಿಸಬಹುದು. ಮಾತು ದಿಟ. ಆದರೆ ಬೇಗ ಬಿತ್ತುವುದು ಬೇರೆ, ಬೇಗ ಕೊಯ್ಯುವುದು ಬೇರೆ. ಮೊದಲ ಮಳೆಗೆ ಬಿತ್ತಿದ ರೈತ ತೆನೆ ಕಾಣುವವರೆಗೆ ಕಾಯುತ್ತಾನೆ; ಪೈರನ್ನು ದಿನವೂ ಕಿತ್ತು ಬೇರು ನೋಡುವುದಿಲ್ಲ.

ಬೇಗ ಕೊಯ್ಯುವುದರ ಕಷ್ಟವನ್ನು ಜಗತ್ತು ಇತ್ತೀಚೆಗೆ ಕಣ್ಣಾರೆ ಕಂಡಿತು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯದ ಹದಿನೈದು ವರ್ಷದ ಕಮಿಲಾ ವಲಿಯೇವಾ ಗೆಲ್ಲುವಳೆಂದು ಎಲ್ಲರೂ ನಂಬಿದ್ದರು. ಆ ವೇಳೆಗೆ ಆಕೆ ನಿಷೇಧಿತ ಔಷಧದ ಆರೋಪಕ್ಕೆ ಸಿಕ್ಕಿದ್ದಳು. ಕೊನೆಯ ಪ್ರದರ್ಶನದಲ್ಲಿ ಮತ್ತೆ ಮತ್ತೆ ಬಿದ್ದು ನಾಲ್ಕನೆಯವಳಾಗಿ ಅಂಗಣದಿಂದ ಅಳುತ್ತ ಹೊರಬಂದಳು. 2024ರಲ್ಲಿ ಆಕೆಗೆ ನಾಲ್ಕು ವರ್ಷಗಳ ನಿಷೇಧವೂ ಆಯಿತು. ಹದಿನೈದು ವರ್ಷದ ಹುಡುಗಿಯ ಸುತ್ತ ಇದ್ದ ದೊಡ್ಡವರ ಹೊಣೆ ಎಷ್ಟೆಂಬ ಪ್ರಶ್ನೆ ಆಗ ಎಲ್ಲೆಡೆ ಎದ್ದಿತು. ಅದೇ ವರ್ಷ, 2022ರ ಜೂನ್ ತಿಂಗಳಿನಲ್ಲಿ, ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಹಿರಿಯರ ಸ್ಪರ್ಧೆಗೆ ಬೇಕಾದ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹಂತಹಂತವಾಗಿ ಹದಿನೇಳಕ್ಕೆ ಏರಿಸಲು ತೀರ್ಮಾನಿಸಿತು. ಮಕ್ಕಳಿಗೆ ಇನ್ನೆರಡು ವರ್ಷ ಬಾಲ್ಯವನ್ನು ಕೊಡಬೇಕೆಂದು ಒಂದು ಕ್ರೀಡೆಯೇ ನಿಯಮ ಮಾಡಬೇಕಾಯಿತು!

ಇನ್ನೊಂದು ನಿದರ್ಶನ ಸಂತೋಷದ್ದು. ಅಮೆರಿಕದ ಅಲಿಸಾ ಲಿಯು 2019ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ತನ್ನ ದೇಶದ ಹಿರಿಯರನ್ನೆಲ್ಲ ಸೋಲಿಸಿ ರಾಷ್ಟ್ರವಿಜೇತೆಯಾದಳು. 2022ರಲ್ಲಿ, ಹದಿನಾರು ತುಂಬಿದ್ದಾಗ, ಆಟವನ್ನು ಬಿಟ್ಟೇಬಿಟ್ಟಳು. ಸುಮಾರು ಎರಡು ವರ್ಷ ಉಳಿದ ಹುಡುಗಿಯರಂತೆ ಬದುಕಿದಳು. ಆಮೇಲೆ ತನ್ನ ಇಚ್ಛೆಯಿಂದಲೇ ಮರಳಿ ಬಂದು, 2025ರ ಮಾರ್ಚಿಯಲ್ಲಿ ಬಾಸ್ಟನ್ ನಗರದಲ್ಲಿ ವಿಶ್ವವಿಜೇತೆಯಾದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಬಿಟ್ಟು ಹೋಗುವ ಸ್ವಾತಂತ್ರ್ಯವಿದ್ದ ಕಡೆ ಮಾತ್ರ ಮರಳಿ ಬರುವ ಪ್ರೀತಿಗೂ ಎಡೆಯಿರುತ್ತದೆ.

ಮಗುವಿಗೆ ಕಾಲಾವಕಾಶ ಕೊಟ್ಟರೆ ಸಾಲದು. ಕಾಲೂರಲು ನೆಲವೂ ಬೇಕು. ಇಲ್ಲಿ ಮನೆಯವರ ಹೊಣೆ ಮುಗಿದು ಸಮಾಜದ ಹೊಣೆ ಮೊದಲಾಗುತ್ತದೆ. ಬೆಂಗಳೂರು ಕಡಲ ತೀರದ ಊರಲ್ಲ, ದೊಡ್ಡ ಹೊಳೆಯೂ ಇಲ್ಲಿ ಹರಿಯುವುದಿಲ್ಲ. ಆದರೂ ದೇಶದ ಅನೇಕ ಶ್ರೇಷ್ಠ ಈಜುಗಾರರು ಈ ಊರಿನವರು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, ಟೋಕಿಯೊ ಮತ್ತು ಪ್ಯಾರಿಸ್ ಕೂಟಗಳಲ್ಲಿ ಈಜಿದ ಶ್ರೀಹರಿ ನಟರಾಜ್, 2024ರ ಪ್ಯಾರಿಸ್ ಕೂಟಕ್ಕೆ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಹೋಗಿಬಂದ ಧೀನಿಧಿ ದೇಸಿಂಘು ಇವರೆಲ್ಲ ಬೆಳೆದದ್ದು ಬೆಂಗಳೂರಿನ ಈಜುಕೊಳಗಳಲ್ಲಿ. ಕೊಳಗಳನ್ನು ಕಟ್ಟಿದರು, ಕಲಿಸುವವರು ಸಿಕ್ಕಿದರು, ಮಕ್ಕಳು ಈಜಿದರು. ಹಾಗೆಯೇ ಕೆಂಗೇರಿಯ ಕಡೆಗೆ ಹೋಗುವಾಗ ಸಿಕ್ಕುವ ಜ್ಞಾನಭಾರತಿ ಪ್ರದೇಶದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ರಾಷ್ಟ್ರೀಯ ಹಾಕಿ ತಂಡಗಳ ಶಿಬಿರಗಳು ಅಲ್ಲಿ ನಡೆದಿವೆ. ನಮ್ಮ ಪಶ್ಚಿಮ ಬಡಾವಣೆಗಳಿಗೆ ಆಟದ ಗಾಳಿ ಹೊಸದೇನೂ ಅಲ್ಲ.

ಸ್ಕೇಟಿಂಗಿನ ಸ್ಥಿತಿ ಹೀಗಿಲ್ಲ. ಮಂಜಿನ ಮೇಲೆ ಕಲಿಯಬೇಕೆಂಬ ಹುಡುಗಿಗೆ ನಮ್ಮ ದೇಶದಲ್ಲಿ ಇರುವ ತಾಣಗಳು ಬೆರಳೆಣಿಕೆಯವು. ಶಿಮ್ಲಾದ ಹಳೆಯ ಅಂಗಣದಲ್ಲಿ ಚಳಿಗಾಲದ ಕೆಲವೇ ವಾರಗಳು ನೀರು ತಾನಾಗಿ ಹೆಪ್ಪುಗಟ್ಟುತ್ತದೆ. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕೂಟಕ್ಕಾಗಿ ಒಲಿಂಪಿಕ್ ಅಳತೆಯ ಒಳಾಂಗಣವೊಂದನ್ನು ಕಟ್ಟಿದರು. ಕೂಟ ಮುಗಿದ ಮೇಲೆ ಅದು ವರ್ಷಗಟ್ಟಲೆ ಮುಚ್ಚಿಯೇ ಇದ್ದು, 2025ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಒಂದು ಅಂಗಣ ಮುಚ್ಚಿದ ಅಷ್ಟು ವರ್ಷಗಳಲ್ಲಿ ಒಂಬತ್ತು ವರ್ಷದ ಮಗು ಇಪ್ಪತ್ತು ದಾಟಿಬಿಡುತ್ತದೆ. 2025ರ ಫೆಬ್ರವರಿಯಲ್ಲಿ ಚೀನಾದ ಹಾರ್ಬಿನ್ ನಗರದಲ್ಲಿ ನಡೆದ ಏಷ್ಯನ್ ಚಳಿಗಾಲದ ಕೂಟದಲ್ಲಿ ಭಾರತದ ತಾರಾ ಪ್ರಸಾದ್ ಎಂಟನೆಯ ಸ್ಥಾನ ಪಡೆದುದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಆಕೆ ಕಲಿತದ್ದು ತಾನು ಹುಟ್ಟಿ ಬೆಳೆದ ಅಮೆರಿಕದ ಅಂಗಣಗಳಲ್ಲಿ ಎಂಬುದನ್ನು ಮರೆಯಬಾರದು.

ಗಾಲಿಗಳಿಗೆ ಇಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಬೇಕಾದದ್ದು ನಯವಾದ ಒಂದು ನೆಲ. ಹೈದರಾಬಾದಿನ ಅನೂಪ್ ಕುಮಾರ್ ಯಾಮ 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಗಾಲಿಗಳ ಮೇಲಿನ ಈ ನರ್ತನಕಲೆಯಲ್ಲಿಯೇ, ಒಬ್ಬನೇ ಆಡಿ ಒಂದು, ಅವನಿ ಪಂಚಾಲ್ ಅವರೊಡನೆ ಜೋಡಿಯಾಗಿ ಒಂದು, ಹೀಗೆ ಎರಡು ಕಂಚಿನ ಪದಕಗಳನ್ನು ಗೆದ್ದುತಂದನು. ವೇಗದ ಓಟದಲ್ಲಿ ಚೆನ್ನೈನ ಆನಂದಕುಮಾರ್ ವೇಲ್ಕುಮಾರ್ 2025ರಲ್ಲಿ 1000 ಮೀಟರಿನ ವಿಶ್ವವಿಜೇತನಾದನು. ನೆರೆಯ ಊರುಗಳ ಮಕ್ಕಳಿಗೆ ಸಾಧ್ಯವಾದದ್ದು ನಮ್ಮವರಿಗೆ ಅಸಾಧ್ಯವಲ್ಲ. ರಾಜಾಜಿನಗರ, ವಿಜಯನಗರಗಳಂಥ ಬಡಾವಣೆಗಳಲ್ಲಿ ಖಾಲಿ ಜಾಗವೆಂದರೆ ಇಂದು ವಾಹನ ನಿಲ್ಲಿಸುವ ಜಾಗವೆಂದೇ ಅರ್ಥವಾಗಿದೆ. ಒಂದೊಂದು ವಾರ್ಡಿನಲ್ಲಿ ಒಂದೊಂದು ನಯವಾದ ನೆಲವನ್ನು ಮಕ್ಕಳಿಗೆಂದು ಉಳಿಸುವುದು ಆಗದ ಕೆಲಸವೇ? ಸಿರಿವಂತರ ಮಕ್ಕಳು ಹೇಗೋ ಕಲಿತಾರು. ಪಾಳಿಯಲ್ಲಿ ದುಡಿಯುವವರ ಮಗಳಿಗೆ ಸಾರ್ವಜನಿಕ ನೆಲವೇ ಗತಿ.

ಇನ್ನು ಒಂದು ಮಾತನ್ನು ಮರೆಮಾಚದೆ ಹೇಳಬೇಕು. ನೆಲ ಕೊಟ್ಟರೂ, ಗುರು ದೊರೆತರೂ, ಕಾಲ ಕೊಟ್ಟರೂ, ನಮ್ಮ ಉದ್ಯಾನದ ಹನ್ನೆರಡು ಮಕ್ಕಳಲ್ಲಿ ಹನ್ನೆರಡು ಮಂದಿಗೂ ಪದಕ ಬರದೆ ಹೋಗಬಹುದು. ಹಾಗಾದರೆ ಆ ಬೆಳಗುಗಳೆಲ್ಲ ವ್ಯರ್ಥವೇ? ಪದಕವೊಂದೇ ಫಲವೆಂದು ನಂಬಿದವರಿಗೆ ವ್ಯರ್ಥವೆಂದೇ ತೋರುತ್ತದೆ. ಆದರೆ ಬಿದ್ದು, ಮೊಣಕಾಲು ಒರೆಸಿಕೊಂಡು, ಯಾರನ್ನೂ ದೂರದೆ ಮತ್ತೆ ಗೆರೆಯ ಮೊದಲಿಗೆ ಹೋಗಿ ನಿಲ್ಲುವುದನ್ನು ಒಂಬತ್ತರ ವಯಸ್ಸಿನಲ್ಲಿಯೇ ಕಲಿತ ಮಗು ಮುಂದೆ ಪರೀಕ್ಷೆಯಲ್ಲಿ ಸೋತಾಗ, ಕೆಲಸದಲ್ಲಿ ಎಡವಿದಾಗ ಅದನ್ನು ಮರೆಯಲಾರದು. ಗಾಲಿ ಕಟ್ಟಿದ ಗುರುಗಳು ಮೊದಲ ದಿನ ಹೇಳಿಕೊಡುವುದೇ ಬೀಳುವ ಬಗೆಯನ್ನು: ಮೊಣಕಾಲು ಮಡಿಸು, ಮೈ ತಗ್ಗಿಸು, ಪಕ್ಕಕ್ಕೆ ಬೀಳು, ಬೆರಳು ಒಳಗೆ ಮಡಿಸಿಕೊ, ಏಳು. ನಮ್ಮ ಶಾಲೆಗಳಲ್ಲಿ ಗೆಲ್ಲುವುದನ್ನು ಕಲಿಸುವ ಪಾಠಗಳು ಬೇಕಾದಷ್ಟಿವೆ. ಬೀಳುವುದನ್ನು ಕಲಿಸುವ ಪಾಠ ಇದೊಂದೇ ಇರಬೇಕು.

ಅಂದು ತಂದೆಯೊಡನೆ ಮಾತನಾಡುತ್ತಿದ್ದಾಗ ಹುಡುಗಿ ನಮ್ಮ ಹತ್ತಿರ ಬಂದಳು. ಬೂಟು ಕೈಯಲ್ಲಿತ್ತು, ಸ್ಪರ್ಧೆಯ ಗಾಯದ ಮೇಲೆ ಅಂಟಿಸಿದ ಪಟ್ಟಿ ಇನ್ನೂ ಮೊಣಕಾಲಿನಲ್ಲಿತ್ತು. “ಬಿದ್ದೆಯಂತೆ?” ಎಂದೆ. “ಹೂಂ ತಾತ, ಎರಡು ಸಲ. ಆದರೆ ಕೊನೇದು ಮುಚ್ಚಿಕೊಳ್ತು” ಎಂದಳು. ನನಗೆ ತಿಳಿಯಲಿಲ್ಲ. ಅವಳು ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು, ಎಲ್ಲಿಂದ ಹೊರಟಳೋ ಅಲ್ಲಿಗೇ ತಂದು ನಿಲ್ಲಿಸಿ ತೋರಿಸಿದಳು. ಒಂದು ವೃತ್ತ, ಒಂದೇ ಒಂದು, ಗೆರೆ ಬಿಡದೆ ಪೂರ್ತಿಯಾಗಿತ್ತು. ಅಂಕಪಟ್ಟಿಯಲ್ಲಿ ಅದಕ್ಕೆ ಎಷ್ಟು ಬೆಲೆ ಸಿಕ್ಕಿತೋ ನಾನು ಅರಿಯೆ. ಅವಳ ತಂದೆ ಆ ಬೆರಳನ್ನೇ ನೋಡುತ್ತಿದ್ದರು. ಏನೂ ಹೇಳಲಿಲ್ಲ.

ಆ ವಾರವೆಲ್ಲ ಮಳೆ ಸುರಿಯಿತು. ಮಳೆ ಬಿಟ್ಟ ಬೆಳಿಗ್ಗೆ ಉದ್ಯಾನಕ್ಕೆ ಹೋದಾಗ ಸಿಮೆಂಟಿನ ನೆಲದ ಮೇಲಿದ್ದ ಸುಣ್ಣದ ಗೆರೆಗಳೆಲ್ಲ ತೊಳೆದುಹೋಗಿದ್ದವು. ಗುರುಗಳು ಇನ್ನೂ ಬಂದಿರಲಿಲ್ಲ. ರಾತ್ರಿ ಪಾಳಿಯ ಸಮವಸ್ತ್ರದಲ್ಲಿಯೇ ಇದ್ದ ಆ ತಂದೆ ನೆಲದ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು, ಮೊಳೆಯನ್ನು ಒತ್ತಿಹಿಡಿದಿದ್ದರು. ಮಗಳು ದಾರವನ್ನು ಬಿಗಿಯಾಗಿ ಎಳೆದು, ಸೀಮೆಸುಣ್ಣ ಹಿಡಿದು, ಅವರ ಸುತ್ತ ನಿಧಾನವಾಗಿ ವೃತ್ತವನ್ನು ಬರೆಯುತ್ತಿದ್ದಳು.